ಗೃಹಸ್ಥನು ಓದತಕ್ಕ ಪುಸ್ತಕಗಳು

ನಡತೆಯನ್ನು ತಿದ್ದಿಕೊಳ್ಳುವದಕ್ಕೂ, ದೇವರಲ್ಲಿ ಮನಸ್ಸನ್ನು ನಿಲ್ಲಿಸುವದಕ್ಕೂ, ಗಳಿಸಿದ ಹಣವನ್ನು ಜೋಪಾನ ಮಾಡುವದಕ್ಕೂ ಯಾವ ಯಾವ ಪುಸ್ತಕಗಳನ್ನು ಓದಬೇಕೆಂದು ನಮ್ಮ ತರುಣ ವಾಚಕರು ಪದೇ ಪದೇ ಕೇಳುವದುಂಟು. ಪ್ರಶ್ನೆಯು ಯೋಗ್ಯವಾದದ್ದೇ. ಆದರೆ ಕೇಳುವ ರೀತಿಯಲ್ಲಿ ಒಂದು ದೋಷವಿದೆ. ಈ ಮೂರೂ ಮೂರು ಬೇರೆ ಬೇರೆ ವಿಷಯಗಳೆಂದು ಅವರು ಭಾವಿಸಿರುತ್ತಾರೆ. ಪುಸ್ತಕದಂಗಡಿಯವರೂ ಅವನ್ನು ಮೂರು ಕಪಾಟುಗಳಲ್ಲಿ ಹಂಚಿ ಇಟ್ಟಿರುತ್ತಾರೆ. ಬೆಳಿಗ್ಗೆ ಸ್ತೋತ್ರ, ಮಧ್ಯಾಹ್ನ ಶೀಘ್ರವಾಗಿ ಶ್ರೀಮಂತನಾಗುವ ಉಪಾಯ, ರಾತ್ರಿ ಮನಶ್ಶಾಂತಿಯ ಉಪದೇಶ, ಹೀಗೆ ಓದುವವನಿಗೆ ಮೂರರಲ್ಲಿ ಒಂದೂ ದಕ್ಕಲಾರದೆಂಬದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಧರ್ಮಗ್ರಂಥವು ಸಂದೂಕದವರೆಗೆ ಬಾರದಿದ್ದರೆ ಅದು ಬಾಯಿಪಾಠವಷ್ಟೆ; ಹಣದ ಗ್ರಂಥವು ಧರ್ಮವನ್ನು ಕೇಳದಿದ್ದರೆ ಅದು ಆಸೆಗೆ ಹಾಕಿದ ಎಣ್ಣೆ.

ಈ ಮಾತನ್ನು ಈಗ ಒತ್ತಿ ಹೇಳಲು ಕಾರಣವಿದೆ. ಹಿಂದೆ ಸಾಲ ಬೇಕಾದವನು ಸಾಹುಕಾರನ ಜಗಲಿಯವರೆಗೆ ನಡೆದು ಹೋಗಬೇಕಾಗುತ್ತಿತ್ತು. ದಾರಿಯಲ್ಲಿ ಎರಡು ಸಲ ಆಲೋಚಿಸಲು ಅವಕಾಶವಿತ್ತು. ಈಗ ಸಾಲವು ಅಂಗೈಯಲ್ಲಿರುವ ಮೊಬೈಲಿನಲ್ಲಿಯೇ ದೊರೆಯುವದು. 2016ರಲ್ಲಿ ಯುಪಿಐ ಪದ್ಧತಿಯು ಆರಂಭವಾದಂದಿನಿಂದ ಕೊಡುವ ಕೈಗೆ ನಾಣ್ಯದ ಭಾರವೂ ತಿಳಿಯದಂತಾಗಿದೆ. ಅನುಕೂಲವು ದೊಡ್ಡದು, ಅದನ್ನು ನಾವು ಹಳಿಯುವದಿಲ್ಲ. ಆದರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಬಡ್ಡಿ ಎಂದರೆ ಅಲ್ಪವೆಂದು ತೋರುವ ಮಾತು; ಚಕ್ರಬಡ್ಡಿಯ ಲೆಕ್ಕ ಹಾಕಿದರೆ 10,000 ರೂಪಾಯಿಯ ಸಾಲವು 24 ತಿಂಗಳಲ್ಲಿ 20,000ವನ್ನು ಮೀರುವದು. ವರ್ಷಕ್ಕೆ ನೂರಕ್ಕೆ ಆರರಂತೆ ಇಟ್ಟ ಠೇವಣಿಯು ಇಮ್ಮಡಿಯಾಗಲು ಸುಮಾರು 12 ವರ್ಷ ಬೇಕು. ಸಾಲವು ಎರಡು ವರ್ಷದಲ್ಲಿ ಬೆಳೆಯುವಷ್ಟು ಉಳಿತಾಯವು ಬೆಳೆಯಲು ಹನ್ನೆರಡು ವರ್ಷ! ಈ ಒಂದು ಲೆಕ್ಕವನ್ನು ಅರಿತವನು ಹಣದ ವಿದ್ಯೆಯಲ್ಲಿ ಅರ್ಧವನ್ನು ಅರಿತಂತೆಯೇ ಸರಿ.

ಪಾಶ್ಚಾತ್ಯರಲ್ಲಿ ಇಂಥ ಗ್ರಂಥಗಳ ದೊಡ್ಡ ಪರಂಪರೆಯೇ ಇದೆ. ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲಿ ಪ್ರಕಟಿಸಿದ ‘ಸೆಲ್ಫ್ ಹೆಲ್ಪ್’ ಎಂಬ ಪುಸ್ತಕವು ಕೈಕೆಸಬಿನಿಂದಲೂ ಸತತೋದ್ಯೋಗದಿಂದಲೂ ಮೇಲೆ ಬಂದವರ ಚರಿತ್ರೆಗಳನ್ನು ಹೇಳುವದು. ಅಮೇರಿಕದ ನೆಪೋಲಿಯನ್ ಹಿಲ್ 1937ರಲ್ಲಿ ಬರೆದ ‘ಥಿಂಕ್ ಆ್ಯಂಡ್ ಗ್ರೋ ರಿಚ್’ ಎಂಬದರಲ್ಲಿ ಮೊದಲ ಸ್ಥಾನವು ಶ್ರೀಮಂತನಾಗಬೇಕೆಂಬ ತೀವ್ರವಾದ ಇಚ್ಛೆಗೆ ಸಂದಿದೆ. ಎಂಭತ್ತು ವರ್ಷ ತುಂಬುವದರೊಳಗೆ ಒತ್ತು ದುಡಿಮೆಯಿಂದ ಬಯಕೆಗೆ ಸರಿದುದನ್ನು ವಾಚಕರು ಗಮನಿಸಬೇಕು. ಎರಡನ್ನೂ ಓದಲಿ, ಬೇಡವೆನ್ನೆವು; ಆದರೆ ಬಯಕೆಯು ಬಂಡವಾಳವಲ್ಲವೆಂಬದನ್ನು ಮರೆಯದಿರಲಿ.

ನಾವು ಮೊದಲು ಹೇಳುವ ಪುಸ್ತಕವು ಮಹಾತ್ಮರ ಆತ್ಮಕಥೆ. 1925ರಿಂದ 1929ರ ವರೆಗೆ ‘ನವಜೀವನ’ ಪತ್ರಿಕೆಯಲ್ಲಿ ಗುಜರಾತಿಯಲ್ಲಿ ಪ್ರಕಟವಾದ ಈ ಕಥೆಯನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಕನ್ನಡಕ್ಕೆ ತಂದಿದ್ದಾರೆ. ಇದನ್ನು ರಾಜಕಾರಣದ ಗ್ರಂಥವೆಂದೋ ಮೋಕ್ಷದ ಗ್ರಂಥವೆಂದೋ ಓದುವವರು ಬಹಳ. ಇದು ಹಣದ ಗ್ರಂಥವೂ ಅಹುದೆಂಬದನ್ನು ಕಂಡವರು ಕಡಿಮೆ. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಗಾಂಧಿಯವರು ಗಾಡಿಯ ಬಾಡಿಗೆ, ಅಂಚೆಯ ಖರ್ಚುಗಳನ್ನೂ ಬಿಡದೆ ಬರೆದಿಟ್ಟು ಪ್ರತಿರಾತ್ರಿ ಮಲಗುವ ಮುನ್ನ ಲೆಕ್ಕವನ್ನು ಸರಿದೂಗಿಸುತ್ತಿದ್ದರು. ಗಾಡಿಯ ಬಾಡಿಗೆ ಉಳಿಸಲು ಪ್ರತಿದಿನ ಎಂಟು-ಹತ್ತು ಮೈಲು ನಡೆದರು. ಹಣವೂ ಉಳಿಯಿತು, ದೇಹವೂ ಗಟ್ಟಿಯಾಯಿತು. ಮುಂದೆ ಲಕ್ಷಾವಧಿ ಸಾರ್ವಜನಿಕ ಧನವು ಕೈಯಲ್ಲಿ ಓಡಾಡಿದಾಗ ಅವರನ್ನು ಕಾಯ್ದದ್ದು ಈ ಅಭ್ಯಾಸವೇ. 1894ರಲ್ಲಿ ಸ್ಥಾಪಿತವಾದ ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿನ ಪೈ ಪೈಗೂ ರಶೀದಿ ಇರಬೇಕೆಂದು ಅವರು ಹಟ ಹಿಡಿದರು. ಲೆಕ್ಕವು ಶುದ್ಧವಿಲ್ಲದಲ್ಲಿ ಸತ್ಯವು ಶುದ್ಧವಾಗಿ ಉಳಿಯದೆಂಬದು ಅವರ ನಿಶ್ಚಯವಾಗಿತ್ತು.

ಇದೇ ಪುಸ್ತಕದ ಇನ್ನೊಂದು ಪ್ರಸಂಗವು ನಮ್ಮ ವಿಷಯಕ್ಕೆ ಮರ್ಮದಂತಿದೆ. ಮುಂಬಯಿಯಲ್ಲಿದ್ದಾಗ ಏಜಂಟನೊಬ್ಬನ ಮಾತಿನಿಂದ ಗಾಂಧಿಯವರು 10,000 ರೂಪಾಯಿಯ ಜೀವವಿಮೆಯನ್ನು ಇಳಿಸಿದ್ದರು. ದಕ್ಷಿಣ ಆಫ್ರಿಕದಲ್ಲಿ ಗೀತೆಯನ್ನು ಅಭ್ಯಾಸಮಾಡುತ್ತಿದ್ದಾಗ ಅಪರಿಗ್ರಹವೆಂಬ ಶಬ್ದವು ಅವರನ್ನು ಕಾಡಿತು. ಹೆಂಡತಿ-ಮಕ್ಕಳೂ ಪುಸ್ತಕದ ಕಪಾಟುಗಳೂ ಪರಿಗ್ರಹವಲ್ಲವೆ? ಎಲ್ಲವನ್ನೂ ಸುಡಬೇಕೆ? ಈ ಸಂಶಯವನ್ನು ಬಿಡಿಸಲು ನೆರವಾದದ್ದು ಸ್ನೆಲ್ ಎಂಬ ಆಂಗ್ಲ ನ್ಯಾಯವೇತ್ತನ ಕಾಯಿದೆಯ ಗ್ರಂಥ! ಧರ್ಮದರ್ಶಿಯ ಕೈಯಲ್ಲಿ ಎಷ್ಟೇ ಸ್ವತ್ತಿದ್ದರೂ ಒಂದು ಕಾಸೂ ಅವನದಲ್ಲ ಎಂಬ ಕಾಯಿದೆಯ ತತ್ವದಲ್ಲಿ ಅವರಿಗೆ ಗೀತೆಯ ಅರ್ಥವು ಹೊಳೆಯಿತು. ಕೂಡಲೇ ವಿಮೆಯನ್ನು ಬಿಟ್ಟುಬಿಟ್ಟರು.

ವಿಮೆಯನ್ನು ಬಿಟ್ಟುದನ್ನು ನಮ್ಮ ಗೃಹಸ್ಥರು ಅನುಕರಿಸಬೇಕೆಂದು ನಾವು ಸರ್ವಥಾ ಹೇಳುವದಿಲ್ಲ. ಲೋಕಸೇವೆಗೆ ನಿಂತ ಮಹಾಪುರುಷನ ಮಾರ್ಗ ಬೇರೆ, ಎರಡು ಮಕ್ಕಳ ಶಾಲೆಯ ಫೀಯನ್ನು ಕಟ್ಟಬೇಕಾದ ಗುಮಾಸ್ತನ ಮಾರ್ಗ ಬೇರೆ. ಆಶ್ರಿತರುಳ್ಳವನಿಗೆ ವಿಮೆಯು ಲೋಭವಲ್ಲ, ಕರ್ತವ್ಯ. ಆದರೆ ಧರ್ಮದರ್ಶಿಯ ಭಾವನೆಯು ಇಬ್ಬರಿಗೂ ಒಂದೇ. ಸಂಬಳವು ತನ್ನದಲ್ಲ, ತನ್ನನ್ನು ನಂಬಿದವರದೆಂದು ತಿಳಿದವನು ಅದನ್ನು ಜೂಜಿಗೂ ಆಡಂಬರದ ಮದುವೆಗೂ ಸುರಿಯಲಾರನು.

ಗೀತೆಯನ್ನೇ ಓದಬೇಕೆನ್ನುವವರಿಗೆ ಕನ್ನಡದಲ್ಲಿ ಎರಡು ದಾರಿಗಳುಂಟು. ಲೋಕಮಾನ್ಯರು ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ‘ಗೀತಾರಹಸ್ಯ’ವನ್ನು ಆಲೂರು ವೆಂಕಟರಾಯರು ನಮ್ಮ ಭಾಷೆಗೆ ಇಳಿಸಿದರು. ಅದು ಪಂಡಿತಗ್ರಂಥ; ಬಿಡುವೂ ಶ್ರದ್ಧೆಯೂ ಇದ್ದವರಿಗೆ ಕರ್ಮಯೋಗದ ಗಣಿ. ವಿನೋಬಾ ಭಾವೆಯವರ ‘ಗೀತಾಪ್ರವಚನ’ವಾದರೋ ಎಲ್ಲರಿಗೂ ಎಟಕುವದು. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ಪ್ರತಿ ರವಿವಾರ ಒಂದೊಂದು ಅಧ್ಯಾಯದಂತೆ ಅವರು ಸಹಬಂದಿಗಳಿಗೆ ಹೇಳಿದ್ದನ್ನು ಸಾನೇ ಗುರೂಜಿಯವರು ಬರೆದುಕೊಂಡರು. ಹದಿನೆಂಟು ವಾರಗಳ ಮಾತು ಅದು. ಓದುವವರೂ ವಾರಕ್ಕೊಂದು ಅಧ್ಯಾಯದಂತೆಯೇ ಓದಬೇಕು. ಫಲದ ಆಶೆಯನ್ನು ಬಿಟ್ಟು ಕೆಲಸವನ್ನು ಚೆನ್ನಾಗಿ ಮಾಡುವದೆಂದರೇನೆಂಬದನ್ನು ಇಷ್ಟು ತಿಳಿಯಾಗಿ ಹೇಳಿದ ಪುಸ್ತಕ ಅಪೂರ್ವ.

ನಮ್ಮ ನಾಡಿನ ನಿಧಿಯನ್ನು ಮರೆತು ಪಟ್ಟಿಯನ್ನು ಮುಗಿಸಿದರೆ ಅಪಚಾರವಾದೀತು. 1923ರಲ್ಲಿ ಫ. ಗು. ಹಳಕಟ್ಟಿಯವರು ಪ್ರಕಟಿಸಿದ ‘ವಚನಶಾಸ್ತ್ರಸಾರ’ವು ಶರಣರ ಕಾಯಕ-ದಾಸೋಹಗಳನ್ನು ಜನರ ಮುಂದಿಟ್ಟಿತು. ದುಡಿಯದೆ ಉಣ್ಣಬಾರದು, ದುಡಿದುದನ್ನು ಒಬ್ಬನೇ ಉಣ್ಣಬಾರದು: ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಪೂರ್ಣವಾದ ಅರ್ಥಶಾಸ್ತ್ರವುಂಟೆ? ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬಾರೆಂದು ಅವನ ಸತಿ ಲಕ್ಕಮ್ಮನು ಹಿಂದಕ್ಕೆ ಕಳುಹಿದ ಕಥೆಯನ್ನು ನಮ್ಮ ಮನೆಮನೆಯ ಗೃಹಿಣಿಯರು ಓದಬೇಕು. ಅವರಿಗಿಂತ ಮೊದಲು ಅವರ ಪತಿಗಳು ಓದಬೇಕು. ಹಳಕಟ್ಟಿಯವರ ಬಾಳು ಕೂಡ ಒಂದು ಪಾಠ. ವಿಜಾಪುರದಲ್ಲಿ ಸಹಕಾರಿ ಬ್ಯಾಂಕನ್ನು ಕಟ್ಟಲು ಮುಂದಾದವರೂ ಅವರೇ, ವಚನಗಳ ಪ್ರಕಟಣೆಗಾಗಿ ಮುದ್ರಣಾಲಯವನ್ನು ತೆರೆದು ತಮ್ಮ ಗಳಿಕೆಯನ್ನು ಅದಕ್ಕೆ ಧಾರೆಯೆರೆದವರೂ ಅವರೇ. ಹಣವನ್ನು ಕೂಡಿಸುವ ವಿದ್ಯೆಯೂ ಬಿಡುವ ವಿದ್ಯೆಯೂ ಒಬ್ಬನಲ್ಲಿಯೇ ಇರಬಹುದೆಂಬದಕ್ಕೆ ಬೇರೆ ಸಾಕ್ಷಿ ಬೇಡ.

ಕಷ್ಟ ಬಂದಾಗ ಮನಸ್ಸಿಗೆ ಆಸರೆ ಬೇಕಾದವರು ಡಿ. ವಿ. ಗುಂಡಪ್ಪನವರ 1943ರ ‘ಮಂಕುತಿಮ್ಮನ ಕಗ್ಗ’ವನ್ನು ಬಳಿಯಲ್ಲಿಡಲಿ. ಒಂದು ದಿನಕ್ಕೆ ಒಂದು ಪದ್ಯ ಸಾಕು. ಪರೀಕ್ಷೆಯಲ್ಲಿ ಸೋತು ಎದೆಗುಂದಿದ ಹುಡುಗರಿಗೆ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ಯನ್ನು ಕೊಡಬಹುದು.

ಇಷ್ಟನ್ನೂ ಓದಿದ ಮೇಲೆ ಇನ್ನೊಂದು ಪುಸ್ತಕವು ಉಳಿಯುವದು. ಅದು ಯಾವ ಅಂಗಡಿಯಲ್ಲಿಯೂ ಬರೆದಿಟ್ಟದ್ದು ಸಿಕ್ಕದು; ಬರಿಯ ಹಾಳೆಗಳ ವಹಿಯಾಗಿ ಸಿಕ್ಕುವದು. ಅದೇ ಮನೆಯ ಜಮಾ-ಖರ್ಚಿನ ಕೀರ್ದಿ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು, ಕೆಳಗೆ ಉಳಿದದ್ದು. ಮೊಬೈಲಿನಲ್ಲಿ ಹೋದ ಹತ್ತು ರೂಪಾಯಿಯನ್ನೂ ಅದರಲ್ಲಿ ಕಾಣಿಸಬೇಕು. ಗಂಡ-ಹೆಂಡಿರು ಕೂಡಿ ಕುಳಿತು ಬರೆಯಬೇಕು. ಬುದ್ಧಿ ಬಂದ ಮಕ್ಕಳಿಗೂ ತೋರಿಸಬೇಕು. ಗಂಡನು ಹೆಂಡತಿಯಿಂದ ಮುಚ್ಚಿದ ಸಾಲವೇ ಎಷ್ಟೋ ಮನೆಗಳನ್ನು ನುಂಗಿದೆ. ಬರೆದ ಸಾಲವು ತೀರುವ ದಾರಿಯನ್ನು ಹಿಡಿಯುವದು, ಬರೆಯದ ಸಾಲವು ಬೆಳೆಯುವ ದಾರಿಯನ್ನು ಹಿಡಿಯುವದು.

ಸ್ವಾತಂತ್ರ್ಯವು 1947ರಲ್ಲಿ ದೇಶಕ್ಕೆ ಬಂದಿತು. ಪರರಿಗೆ ಬಡ್ಡಿ ತೆರುತ್ತ ತನ್ನ ಆಸೆಗಳಿಗೆ ಅಡಿಯಾಳಾಗಿ ಬಾಳುವವನ ಮನೆಯ ಹೊಸ್ತಿಲನ್ನು ಅದು ಇನ್ನೂ ದಾಟಿಲ್ಲ. ಅದನ್ನು ಒಳಕ್ಕೆ ತರುವ ಕೆಲಸವನ್ನು ಸರ್ಕಾರವೂ ಮಾಡಲಾರದು, ಗ್ರಂಥಕರ್ತನೂ ಮಾಡಲಾರನು. ನಮ್ಮ ವಾಚಕರು ಹತ್ತಾರು ಪುಸ್ತಕಗಳನ್ನು ಕೊಂಡು ಅಲಂಕಾರಕ್ಕೆ ಇಡುವದರ ಬದಲು ಈ ನಾಲ್ಕಾರರಲ್ಲಿ ಒಂದನ್ನು ಆರಿಸಿ ಎರಡಾವೃತ್ತಿ ಓದಲಿ. ಓದಿದ ರಾತ್ರಿಯೇ ಕೀರ್ದಿಯ ಮೊದಲನೆಯ ಸಾಲನ್ನು ಬರೆಯಲಿ. ಓದಿದ್ದು ಫಲಿಸಿತೋ ಇಲ್ಲವೋ ಎಂಬದನ್ನು ವರ್ಷಾಂತ್ಯಕ್ಕೆ ಆ ವಹಿಯೇ ಹೇಳುವದು.