ಕಡತ ಬಂತು, ಅಕ್ಷರ ಬರಲಿಲ್ಲ

ಸಾಗರದಲ್ಲಿ ಚಿಕ್ಕಪ್ಪನ ಡಿಟಿಪಿ ಅಂಗಡಿ ಮುಚ್ಚಿ ಆರು ವರ್ಷವಾಯಿತು. ಅಂಗಡಿಯ ಕಂಪ್ಯೂಟರ್ ಮಾತ್ರ ಮನೆಯ ಜಗಲಿಯ ಮೂಲೆಯಲ್ಲಿ ಇನ್ನೂ ಇದೆ. ವಿಂಡೋಸ್ ಎಕ್ಸ್‌ಪಿ, 80 ಜಿಬಿ ಹಾರ್ಡ್ ಡಿಸ್ಕ್. ಅದರೊಳಗೆ ಊರವರ ಮದುವೆ ಕರೆಯೋಲೆಗಳು, ಶಾಲೆಯ ಸ್ಮರಣ ಸಂಚಿಕೆಗಳು, ಯಕ್ಷಗಾನದ ಕರಪತ್ರಗಳು, ತೀರಿಹೋದವರ ಉತ್ತರಕ್ರಿಯೆಯ ಪತ್ರಗಳು. ಈಚೆಗೆ ಎರಡು ಮೂರು ಸಲ ಬಟನ್ ಒತ್ತಿದರಷ್ಟೇ ಅದು ಏಳುತ್ತಿತ್ತು. ಚಿಕ್ಕಪ್ಪ ಫೋನ್ ಮಾಡಿದರು: "ಒಂದ್ಸಲ ಬಂದು ಇದನ್ನೆಲ್ಲ ನಿನ್ನ ಲ್ಯಾಪ್‌ಟಾಪಿಗೆ ಹಾಕ್ಕೊಂಡು ಹೋಗು ಮಾರಾಯ."

ಮಲೆನಾಡಿನ ಮಳೆಗಾಲದ ತೇವಕ್ಕೆ ಯುಎಸ್‌ಬಿ ಪೋರ್ಟ್‌ಗಳೆಲ್ಲ ತುಕ್ಕು ಹಿಡಿದಿದ್ದವು. ಉಳಿದದ್ದು ಲ್ಯಾನ್ ಕೇಬಲ್ ಒಂದೇ. ಅದನ್ನು ವೈಫೈ ರೂಟರಿಗೆ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ, ಎಕ್ಸ್‌ಪಿಯಿಂದ ಹುಡುಕಿದೆ. ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂಬ ಸಂದೇಶ ಬಂತು. ಪಿಂಗ್ ಮಾಡಿ ನೋಡಿದರೆ ಲ್ಯಾಪ್‌ಟಾಪ್ ತಕ್ಷಣ ಓಗೊಡುತ್ತಿತ್ತು. ಅಂದರೆ ತಂತಿ ಸರಿಯಿದೆ, ವಿಳಾಸ ಸರಿಯಿದೆ. ಎರಡೂ ಒಂದನ್ನೊಂದು ಕೂಗಿದರೆ ಕೇಳುತ್ತದೆ, ಆಡುವ ಮಾತು ಮಾತ್ರ ಅರ್ಥವಾಗುತ್ತಿಲ್ಲ.

ವಿಂಡೋಸ್ ಕಂಪ್ಯೂಟರ್‌ಗಳು ಕಡತ ಹಂಚಿಕೊಳ್ಳುವ ಆ ಮಾತಿಗೆ ಎಸ್‌ಎಂಬಿ ಎಂದು ಹೆಸರು. ಎಕ್ಸ್‌ಪಿಗೆ ಬರುವುದು ಅದರ ಮೊದಲ ಆವೃತ್ತಿ ಮಾತ್ರ. 2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಆ ಮೊದಲ ಆವೃತ್ತಿಯ ಒಂದು ತೂತಿನಿಂದಲೇ ನುಗ್ಗಿ ಸುಮಾರು 150 ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಹಳೆಯ ಮಾತಿಗೆ ಉತ್ತರಿಸುವ ಭಾಗ ತಾನಾಗಿ ಬರುವುದಿಲ್ಲ. ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಎರಡೇ ನಿಮಿಷದಲ್ಲಿ ಸೇರಿಸಿಕೊಳ್ಳಬಹುದು. ಪರಿಚಿತ ತಂತ್ರಜ್ಞರೊಬ್ಬರು ಹಾಗೇ ಮಾಡಿ ಎಂದರು. ನನಗೆ ಮನಸ್ಸು ಬರಲಿಲ್ಲ. ಬ್ಯಾಂಕಿನ ವ್ಯವಹಾರವೆಲ್ಲ ನಡೆಯುವ ಲ್ಯಾಪ್‌ಟಾಪಿನಲ್ಲಿ ಆ ಬಾಗಿಲು ತೆರೆದಿಟ್ಟು, ಮುಚ್ಚಲು ಮರೆತರೆ?

ಚಿಕ್ಕಪ್ಪನ ರೂಟರ್ ಹಳೆಯದು. ಅದರ ಬೆನ್ನಿಗೊಂದು ಯುಎಸ್‌ಬಿ ಪೋರ್ಟ್ ಇತ್ತು, ಅದಕ್ಕೆ ಹಳೆಯ ಮಾತೂ ಬರುತ್ತಿತ್ತು. ಮೊದಲು ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಕಿತ್ತೆ. ಆಮೇಲೆ ನನ್ನ ಪೋರ್ಟಬಲ್ ಡಿಸ್ಕನ್ನು ರೂಟರಿಗೆ ಸಿಕ್ಕಿಸಿದೆ. ಎಕ್ಸ್‌ಪಿಗೆ ಅದು ಒಂದೇ ಏಟಿಗೆ ಕಂಡಿತು. ಎಕ್ಸ್‌ಪಿಯ ಜೊತೆಗೇ ಬರುವ ಬ್ಯಾಕಪ್ ತಂತ್ರಾಂಶ ಓಡಿಸಿ ಊಟಕ್ಕೆ ಕೂತೆವು.

ಬಂದು ನೋಡಿದರೆ ಡಿಸ್ಕ್ ತುಂಬಿದೆ ಎಂದು ನಿಂತಿದೆ. 900 ಜಿಬಿ ಖಾಲಿಯಿದ್ದ ಡಿಸ್ಕ್! ಮತ್ತೆ ಓಡಿಸಿದೆ, ಮತ್ತೆ ಅಲ್ಲೇ ನಿಂತಿತು. ಒಂದೇ ಜಾಗದಲ್ಲಿ ಎರಡು ಸಲ ಮುಗ್ಗರಿಸಿದರೆ ಅದು ತಂತಿಯ ದೋಷವಲ್ಲ, ಯಾವುದೋ ಒಂದು ಮಿತಿ. ಕಡತದ ಗಾತ್ರ ನೋಡಿದೆ, 4 ಜಿಬಿ. ನನ್ನ ಡಿಸ್ಕ್ ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿತ್ತು, ಅದರಲ್ಲಿ ಒಂದೇ ಕಡತ 4 ಜಿಬಿ ಮುಟ್ಟುವಂತಿಲ್ಲ. ಬ್ಯಾಕಪ್ ತಂತ್ರಾಂಶವೋ ಎಲ್ಲವನ್ನೂ ಒಂದೇ ದೊಡ್ಡ ಮೂಟೆ ಕಟ್ಟುತ್ತಿತ್ತು. ಎನ್‌ಟಿಎಫ್‌ಎಸ್ ಮಾದರಿಗೆ ಬದಲಿಸಿದೆ. ಆದರೂ ಮೂಟೆಯ ಆಸೆ ಬಿಟ್ಟೆ, ಏಕೆಂದರೆ ಈಗಿನ ವಿಂಡೋಸ್ ಆ ಮೂಟೆಯನ್ನು ತಾನಾಗಿ ಬಿಚ್ಚುವುದಿಲ್ಲ. ಫೋಲ್ಡರ್‌ಗಳನ್ನು ಇದ್ದ ಹಾಗೇ ನಕಲಿಸುವುದೇ ಮೇಲು. ಅದನ್ನೂ ಮೌಸ್‌ನಿಂದ ಎಳೆದು ಹಾಕಿದರೆ ಎಕ್ಸ್‌ಪಿ ಒಂದು ಕೆಟ್ಟ ಕಡತ ಸಿಕ್ಕಿದಲ್ಲೇ ಎಲ್ಲವನ್ನೂ ಕೈಬಿಡುತ್ತದೆ. ಹಾಗಾಗಿ ಕಮಾಂಡ್ ಪ್ರಾಂಪ್ಟಿನ ಎಕ್ಸ್‌ಕಾಪಿ ಹಿಡಿದೆ. ತಪ್ಪು ಬಂದರೂ ದಾಟಿ ಮುಂದೆ ಹೋಗು ಎಂದು ಅದಕ್ಕೆ ಹೇಳಬಹುದು.

ಇನ್ನೊಂದು ಸಂಗತಿ ಸ್ವಲ್ಪದರಲ್ಲಿ ತಪ್ಪುತ್ತಿತ್ತು. ಪರದೆಯ ಮೂಲೆಯ ಗಡಿಯಾರ 2002 ಎನ್ನುತ್ತಿತ್ತು. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತು ಎಷ್ಟು ಕಾಲವಾಗಿತ್ತೋ. ಹೊಸತಾಗಿ ಬದಲಾದ ಕಡತ ಮಾತ್ರ ನಕಲಿಸು ಎಂದು ಮುಂದಿನ ಸಲ ಹೇಳಿದರೆ, ಚಿಕ್ಕಪ್ಪ ನಿನ್ನೆ ತಿದ್ದಿದ್ದೂ 2002ರದ್ದೆಂದು ಲೆಕ್ಕವಾಗಿ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ತಪ್ಪಾಯಿತೆಂದು ಕೂಗಿ ಹೇಳುವ ಬ್ಯಾಕಪ್‌ಗೆ ನಾನು ಹೆದರುವುದಿಲ್ಲ, ಈ ಬಗೆಯದ್ದಕ್ಕೆ ಹೆದರುತ್ತೇನೆ. ಪೇಟೆಯಿಂದ ಸಿಆರ್ 2032 ಸೆಲ್ ತಂದು ಹಾಕಿದೆ.

ಸುಮಾರು 30 ಜಿಬಿ ರಾತ್ರಿಯೆಲ್ಲ ಹರಿದು ಬಂತು. ಬೆಳಿಗ್ಗೆ ರೂಟರಿನ ಶೇರಿಂಗ್ ಆರಿಸಿ, ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಾಕಿ, ಒಂದು ವರ್ಡ್ ಕಡತ ತೆರೆದೆ. ಒಂದಕ್ಷರ ಕನ್ನಡವಿಲ್ಲ. ತಲೆಬುಡವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಚಿಕ್ಕಪ್ಪನ ಮುಖ ಬಾಡಿತು. "ಎಲ್ಲ ಹಾಳಾಯ್ತನಾ?"

ಹಾಳಾಗಿರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚು ಮಾಡಿದ್ದರಲ್ಲಿ ಕಡತದೊಳಗೆ ಇರುವುದು ಬರೀ ಸಂಖ್ಯೆಗಳು. 256ಕ್ಕೆ ಮೀರದ ಮನೆಗಳಲ್ಲಿ ತಲೆಕಟ್ಟು, ಕೊಂಬು, ಒತ್ತು ಎಂದು ಕನ್ನಡವನ್ನು ಚೂರು ಚೂರು ಮಾಡಿ ಕೂರಿಸಿದ್ದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಅದು ಇಂಗ್ಲಿಷಿನಂತೆಯೇ ಕಾಣುತ್ತದೆ. ನಾನು ತಂದದ್ದು ಚಿಕ್ಕಪ್ಪನ ಕೆಲಸದ ಫೋಲ್ಡರ್‌ಗಳನ್ನು. ಫಾಂಟ್‌ಗಳಿದ್ದದ್ದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ಕನ್ನಡದ ಹಳೆಯ ಕಂಪ್ಯೂಟರ್‌ನಿಂದ ಬ್ಯಾಕಪ್ ತೆಗೆಯುವವರು ಮೊದಲು ನಕಲಿಸಬೇಕಾದದ್ದೇ ಆ ಫಾಂಟ್ಸ್ ಫೋಲ್ಡರ್. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಅದನ್ನು ನಿಧಾನವಾಗಿ ಮಾಡಬಹುದು. ಆದರೆ ಯಾವ ಕಡತ ಯಾವ ಫಾಂಟಿನದು ಎಂದು ತಿಳಿಯದೆ ಅದೂ ನಡೆಯುವುದಿಲ್ಲ.

ಹಳೆಯ ಕಂಪ್ಯೂಟರ್ ಇನ್ನೊಮ್ಮೆ ಏಳಬೇಕಿತ್ತು. ನಾಲ್ಕನೆಯ ಸಲ ಬಟನ್ ಒತ್ತಿದಾಗ ಎದ್ದಿತು. ಫಾಂಟ್‌ಗಳನ್ನು ತಂದು ಲ್ಯಾಪ್‌ಟಾಪಿನಲ್ಲಿ ಕೂರಿಸಿ ಅದೇ ಕಡತ ತೆರೆದೆ. ಅಜ್ಜನ ವೈಕುಂಠ ಸಮಾರಾಧನೆಯ ಪತ್ರ ಅದು, ಚಿಕ್ಕಪ್ಪ ತಾವೇ ಕೂತು ಬೆರಳಚ್ಚು ಮಾಡಿದ್ದು. ಕನ್ನಡಕ ಏರಿಸಿ, ಪರದೆಗೆ ಬೆರಳಿಟ್ಟು ಸಾಲು ಸಾಲಾಗಿ ಓದಿದರು.

"ಒತ್ತಕ್ಷರ ಎಲ್ಲ ಸರಿ ಕೂತಿದೆ," ಎಂದರು. "ಮುಂದಿನದು ತೆಗಿ."