ವಿಮಾನದ ಎಂಜಿನ್ನಿಗೆ ಸ್ನಾನದ ಹೊತ್ತು

ನಮ್ಮಲ್ಲಿ ಕಲಿತ ಹುಡುಗಿಯರು ಬೆಂಗಳೂರಿಗೆ ಹೋಗಿ ಗಣಕಯಂತ್ರದ ಮುಂದೆ ಕುಳಿತೇ ವಿಮಾನದ ಎಂಜಿನ್ನುಗಳ ಕೆಲಸ ಮಾಡುವರೆಂದು ಕೇಳಿದ ಪಾಲಕರು, “ಅಕ್ಕೋರ, ವಿಮಾನಾ ಮುಟ್ಟದನ ಅದರ ಕೆಲಸಾ ಹೆಂಗ ಮಾಡ್ತಾರ್ರಿ?” ಎಂದು ವಿಚಾರಿಸುವುದುಂಟು. ಪ್ರಶ್ನೆಯು ಯುಕ್ತವಾದುದೇ. ಅಂಥ ಕೆಲಸಗಳಲ್ಲೊಂದನ್ನು, ಎಂದರೆ ಎಂಜಿನ್ನನ್ನು ಯಾವಾಗ ತೊಳೆಯಬೇಕೆಂಬ ನಿರ್ಣಯವನ್ನು, ಇಲ್ಲಿ ಯಥಾಶಕ್ತಿ ವಿವರಿಸುತ್ತೇನೆ.

ಬೆಂಗಳೂರಿಗೂ ವಿಮಾನಕ್ಕೂ ಇರುವ ಸಂಬಂಧವು ಹಳೆಯದು. ಹಿಂದೂಸ್ತಾನ್ ವಿಮಾನ ಕಾರ್ಖಾನೆಯು 1940ರಲ್ಲಿ ಅಲ್ಲಿ ಸ್ಥಾಪಿತವಾಯಿತು. ಆರ್ಫಿಯಸ್ ಎಂಬ ಜೆಟ್ ಎಂಜಿನ್ನಿನ ತಯಾರಿಕೆಗಾಗಿ 1957ರಲ್ಲಿ ಅದರ ಎಂಜಿನ್ ವಿಭಾಗವು ಹುಟ್ಟಿತು. 2000ದಲ್ಲಿ ಅಮೇರಿಕೆಯ ಜಿ.ಇ. ಕಂಪನಿಯು ತನ್ನ ಸಂಶೋಧನ ಕೇಂದ್ರವನ್ನು ಆ ನಗರದಲ್ಲಿಯೇ ತೆರೆಯಿತು.

ಜೆಟ್ ಎಂಜಿನ್ನಿನೊಳಗೆ ಸೇರಿದ ಗಾಳಿಯನ್ನು ಸಾಲುಸಾಲಾಗಿ ಜೋಡಿಸಿದ ಅಲಗುಗಳು ಒತ್ತುತ್ತ ಹೋಗುತ್ತವೆ. ಈ ಭಾಗಕ್ಕೆ ಕಂಪ್ರೆಸರ್ ಎಂದು ಹೆಸರು. ಇಂದಿನ ದೊಡ್ಡ ಎಂಜಿನ್ನುಗಳಲ್ಲಿ ಗಾಳಿಯ ಒತ್ತಡವು ಹೀಗೆ 30ರಿಂದ 40 ಪಟ್ಟು, ಕೆಲವದರಲ್ಲಿ ಅದಕ್ಕಿಂತಲೂ ಹೆಚ್ಚು, ಏರುತ್ತದೆ. ಆ ಗಾಳಿಯಲ್ಲಿ ಇಂಧನವು ಉರಿದು, ಬಿಸಿಯಾದ ಅನಿಲವು ಹಿಂದಿನ ಟರ್ಬೈನ್ ಚಕ್ರಗಳನ್ನು ತಿರುಗಿಸಿ ಹೊರಬೀಳುತ್ತದೆ.

ಗಾಳಿಯೊಡನೆ ಧೂಳು, ಹೊಗೆ, ಕಡಲಿನ ಉಪ್ಪು, ಹುಳುಹುಪ್ಪಟೆಗಳೂ ಒಳಹೊಗುತ್ತವೆ. ಸುರೇಬಾನದ ಬೇಸಿಗೆಯನ್ನು ಕಂಡವರಿಗೆ ಧೂಳಿನ ವರ್ಣನೆ ಬೇಡ. ಅಲಗುಗಳ ಮೇಲೆ ತೆಳುವಾದ ಕೊಳೆ ಕುಳಿತರೂ ಗಾಳಿಯು ಸರಾಗವಾಗಿ ಸರಿಯದು. ಕಂದೀಲಿನ ಗಾಜಿಗೆ ಮಸಿ ಹಿಡಿದಾಗ ನಾವು ಬತ್ತಿಯನ್ನು ಏರಿಸುತ್ತೇವಲ್ಲವೆ? ಎಣ್ಣೆ ಹೆಚ್ಚು ಉರಿಯುತ್ತದೆ, ಬೆಳಕು ಮೊದಲಿನಷ್ಟೇ. ಎಂಜಿನ್ನಿನ ಗತಿಯೂ ಇದೇ: ಅಷ್ಟೇ ಬಲಕ್ಕೆ ಹೆಚ್ಚು ಇಂಧನ ಬೇಕಾಗಿ, ಹೊರಬೀಳುವ ಅನಿಲದ ಉಷ್ಣವು ಏರುತ್ತದೆ. ಈ ಉಷ್ಣಕ್ಕೆ ಒಂದು ಮೇಲಿನ ಮಿತಿಯನ್ನು ವಿಧಿಸಿರುತ್ತಾರೆ. ಅದನ್ನು ಮುಟ್ಟಿದ ಎಂಜಿನ್ನನ್ನು ರೆಕ್ಕೆಯಿಂದ ಕಳಚಿ ದುರಸ್ತಿಗೆ ಕಳಿಸಬೇಕು. ವೆಚ್ಚವು ಕೋಟ್ಯಂತರ ರೂಪಾಯಿ.

ಹಾಗಾದರೆ ಇಷ್ಟು ತಿಂಗಳಿಗೊಮ್ಮೆ ತೊಳೆದರೆ ಸಾಲದೇ? ಮರುಭೂಮಿಯ ನಗರಗಳಿಗೆ ಹಾರುವ ವಿಮಾನವೂ ಮಳೆನಾಡಿನ ಮೇಲೆ ಹಾರುವ ವಿಮಾನವೂ ಒಂದೇ ವೇಗದಲ್ಲಿ ಕೊಳೆಯಾಗುವುದಿಲ್ಲ. ಪಂಚಾಂಗ ನೋಡಿ ತೊಳೆದರೆ ಒಂದಕ್ಕೆ ತಡವಾಗುತ್ತದೆ, ಇನ್ನೊಂದಕ್ಕೆ ನೀರೂ ಆಳಿನ ದುಡಿಮೆಯೂ ವ್ಯರ್ಥ. ಆದಕಾರಣ ಎಂಜಿನ್ನಿನ ಸ್ಥಿತಿಯನ್ನೇ ಕೇಳಿ ತೊಳೆಯುವ ಪದ್ಧತಿಯು ಬಂದಿದೆ. ಉಷ್ಣ, ಒತ್ತಡ, ತಿರುಗುವ ವೇಗ, ಇಂಧನದ ಹರಿವು ಇವುಗಳನ್ನು ಅಳೆಯುವ ಸೆನ್ಸರುಗಳು ಎಂಜಿನ್ನಿನಲ್ಲಿಯೇ ಇರುತ್ತವೆ. ಅವುಗಳ ಅಂಕಿಗಳು ರೇಡಿಯೋ ಮೂಲಕ ಹಾರುತ್ತಿರುವಾಗಲೇ ನೆಲಕ್ಕೆ ತಲುಪಬಲ್ಲವು.

ಅಂಕಿಯನ್ನು ಓದುವುದೇ ಈ ಕೆಲಸದ ಕಠಿಣ ಭಾಗವೆಂದು ನನ್ನ ಭಾವನೆ. ಸೆನ್ಸರು ಕೊಳೆಯನ್ನು ಕಾಣದು, ಬಿಸಿಯನ್ನು ಮಾತ್ರ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ ಬೆಳಗಾವಿಯ ಸಾಂಬ್ರಾದಿಂದ ಏರುವ ಎಂಜಿನ್ನು ಡಿಸೆಂಬರದ ನಸುಕಿನಲ್ಲಿ ಏರುವಾಗಿಗಿಂತ ಹೆಚ್ಚು ಬಿಸಿ ತೋರಿಸುತ್ತದೆ. ಅದು ಋತುವಿನ ಗುಣ. ಆದ್ದರಿಂದ ಪ್ರತಿಯೊಂದು ಅಂಕಿಯನ್ನೂ ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಕಲ್ಪಿತ ದಿನಕ್ಕೆ ಪರಿವರ್ತಿಸಿ ಹೋಲಿಸುತ್ತಾರೆ. ಒಂದು ದಿನದ ಏರಿಕೆಯನ್ನು ನಂಬದೆ ಅನೇಕ ಹಾರಾಟಗಳ ರೇಖೆಯನ್ನು ನೋಡುತ್ತಾರೆ. ದಾದಿಯು ರೋಗಿಯ ಜ್ವರದ ತಖ್ತೆಯನ್ನು ನೋಡುವ ರೀತಿಯೂ ಇದೇ ಅಲ್ಲವೇ!

ತೊಳೆಯುವುದು ಸರಳ. ತಣಿದ ಎಂಜಿನ್ನನ್ನು ಇಂಧನವಿಲ್ಲದೆ ಸ್ಟಾರ್ಟರಿನಿಂದ ಮೆಲ್ಲನೆ ತಿರುಗಿಸುತ್ತ, ಶುದ್ಧೀಕರಿಸಿದ ನೀರನ್ನು, ಕೆಲವೊಮ್ಮೆ ಮಾರ್ಜಕ ಬೆರೆಸಿ, ಬಾಯಿಯೊಳಗೆ ಸಿಂಪಡಿಸುತ್ತಾರೆ. ವಿಮಾನವು ರಾತ್ರಿ ತಂಗುವ ಊರಿನಲ್ಲಿ ನೀರೂ ಸಲಕರಣೆಯೂ ಇರುವಂತೆ ಹೊಂದಿಸುವುದು ಮಾತ್ರ ಸರಳವಲ್ಲ.

ನೀರಿಗೆ ಹೋಗದ ಕೊಳೆಯೂ ಉಂಟು. ನುಣುಪಾದ ಮರಳು ಮತ್ತು ಜ್ವಾಲಾಮುಖಿಯ ಬೂದಿ ಎಂಜಿನ್ನಿನ ಬಿಸಿಭಾಗದಲ್ಲಿ ಕರಗಿ ಗಾಜಿನಂತೆ ಅಂಟುತ್ತವೆ. 1982ರ ಜೂನ್ 24ರಂದು ಜಾವಾ ದ್ವೀಪದ ಬಳಿ ಗಾಲುಂಗುಂಗ್ ಬೂದಿಯನ್ನು ಹೊಕ್ಕ ಬ್ರಿಟಿಷ್ ಏರ್‌ವೇಸಿನ ವಿಮಾನದ ನಾಲ್ಕು ಎಂಜಿನ್ನುಗಳೂ ನಿಂತುಹೋದುವು. ಕೆಳಗಿಳಿದು ಬೂದಿಯಿಂದ ಹೊರಬಂದ ಬಳಿಕ ಅವು ಪುನಃ ಹೊತ್ತಿಕೊಂಡು, ಎಲ್ಲರೂ ಜಾಕಾರ್ತದಲ್ಲಿ ಸುರಕ್ಷಿತವಾಗಿ ಇಳಿದರು. ಅಲಗುಗಳ ಸವೆತವೂ ನೀರಿನಿಂದ ಸರಿಯಾಗದು. ಆದುದರಿಂದಲೇ ತೊಳೆದ ಮಾರನೆಯ ಹಾರಾಟದ ಅಂಕಿಯನ್ನು ಹಿಂದಿನದರೊಡನೆ ಹೋಲಿಸುವರು. ಉಷ್ಣವು ಇಳಿದಿದ್ದರೆ ಕಾರಣವು ಕೊಳೆಯೇ. ಇಳಿಯದಿದ್ದರೆ ತೆಳುವಾದ ನಳಿಗೆಯ ತುದಿಯ ಕ್ಯಾಮರಾವನ್ನು ಎಂಜಿನ್ನಿನೊಳಗೆ ಇಳಿಸಿ, ಅಲಗುಗಳನ್ನು ಒಂದೊಂದಾಗಿ ಪರೀಕ್ಷಿಸುವರು.