ಕಾಳಗದ ರೋಬೋಟ್: ದುರಸ್ತಿಯೋ, ಸುಧಾರಣೆಯೋ?

ಮುಂಬಯಿ ಐಐಟಿಯ ಟೆಕ್‌ಫೆಸ್ಟ್‌ನಂತಹ ಉತ್ಸವಗಳ ರೋಬೋಟ್ ಕಾಳಗಗಳಿಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಯಂತ್ರ ನಿರ್ಮಿಸುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ವರ್ಕ್‌ಶಾಪ್‌ಗಳಿಗೆ ಇಂತಹ ಕೆಲಸ ಬಂದಲ್ಲಿ ಎರಡು ಬಾಬುಗಳನ್ನು ಬೇರ್ಪಡಿಸುವುದು ಅವಶ್ಯ.

ಬಾಗಿದ ಶಾಫ್ಟ್ ಸರಿಪಡಿಸುವುದು, ಸವೆದ ಬೇರಿಂಗ್ ಬದಲಿಸುವುದು ದುರಸ್ತಿ. ಹೆಚ್ಚು ಶಕ್ತಿಯ ಮೋಟಾರು ಅಳವಡಿಸುವುದು ಸುಧಾರಣೆ. ಸ್ಪರ್ಧೆಯಲ್ಲಿ ತೂಕದ ಮಿತಿಯಿರುವುದರಿಂದ ಮೋಟಾರಿನಿಂದ ಏರಿದ ತೂಕವನ್ನು ಬೇರೆಡೆ ಇಳಿಸಬೇಕಾಗುತ್ತದೆ. ಉಕ್ಕಿನ ಚೌಕಟ್ಟಿನ ಬದಲು ಅಷ್ಟೇ ಗಾತ್ರದ ಅಲ್ಯೂಮಿನಿಯಂ ಬಳಸಿದರೆ ತೂಕ ಸುಮಾರು ಮೂರನೆಯ ಒಂದಂಶಕ್ಕೆ ಇಳಿಯುತ್ತದೆ. ಈ ಕೂಲಿಯನ್ನೂ ಸುಧಾರಣೆಯ ಅಂದಾಜಿನಲ್ಲಿ ಸೇರಿಸತಕ್ಕದ್ದು. ಇಲ್ಲವಾದರೆ ನಷ್ಟ ವರ್ಕ್‌ಶಾಪಿನದೇ.

ಆದಾಯ ತೆರಿಗೆಯಲ್ಲಿಯೂ ಇದೇ ವಿವೇಚನೆ ಅನ್ವಯಿಸುತ್ತದೆ. ಹಳೆಯ ರಿಂಗ್ ಫ್ರೇಮ್ ತೆಗೆದು ಹೊಸದನ್ನು ಕೂಡಿಸುವುದು ಚಾಲ್ತಿ ದುರಸ್ತಿಯಲ್ಲವೆಂದು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಚಾಲ್ತಿ ದುರಸ್ತಿಯ ವೆಚ್ಚವು ಆ ವರ್ಷದ ಲಾಭದಲ್ಲಿಯೇ ಕಳೆಯಲ್ಪಡುತ್ತದೆ; ಹೊಸ ಯಂತ್ರದ ಬೆಲೆಯಾದರೋ ಸವಕಳಿಯ ರೂಪದಲ್ಲಿ ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ. ಆದ್ದರಿಂದ ಕೆಲಸ ಕೊಡುವಾಗಲೂ ಪಡೆಯುವಾಗಲೂ ಎರಡಕ್ಕೂ ಪ್ರತ್ಯೇಕ ಬಿಲ್ಲು ಇರಲಿ.